ಕಂಡಕ್ಟರ್ ಕಟ್ಟಿದ ಗಂಟು

ಹಾವು ಆ ಹುಡುಗಿಯ ಕೈ ತೆಗೆಯಲಿಲ್ಲ. ಕೈ ತೆಗೆದದ್ದು ಗಂಟು. ಗಂಟು ಹಾಕಿದವನು ನಮ್ಮ ಬಾಜೂ ಮನೆಯ ಕಂಡಕ್ಟರ್. ಅವನಿಗೆ ಹೇಗೆ ಕಲಿಸಿದ್ದರೋ ಹಾಗೆಯೇ ಕಟ್ಟಿದ್ದ. ಬಿಚ್ಚುವ ಹೊತ್ತಿಗೆ ಯಾರೂ ಬಿಚ್ಚಲಿಲ್ಲ. ನಡೆದದ್ದು ಇಷ್ಟು. ಉಳಿದದ್ದನ್ನೆಲ್ಲ ಊರವರು, ಕಚೇರಿಯವರು ಆಮೇಲೆ ಸೇರಿಸಿದರು.

ಹೋದ ವಾರ ಮೊಮ್ಮಗಳು ಒಂದು ಬಿಳಿ ಬಟ್ಟೆ ತಂದಳು. ಮೂರು ಮೂಲೆಯದು, ಹೊಸದು, ಗಂಜಿ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಇಟ್ಟಿದ್ದ ಚೀಲದಲ್ಲಿ ಟಿಂಚರ್ ಬಾಟಲಿಯೂ ಇತ್ತೇನೋ, ಬಟ್ಟೆಗೆ ಆ ಘಾಟು ಹತ್ತಿತ್ತು. ಅವಳು ಆಂಬ್ಯುಲೆನ್ಸಿನಲ್ಲಿ ರೋಗಿಯ ಜೊತೆ ಕೂತು ಹೋಗುವ ಕೆಲಸಕ್ಕೆ ತರಬೇತಿ ತೆಗೆದುಕೊಳ್ಳುತ್ತಿದ್ದಾಳೆ. ಬರೆಯುವ ಪರೀಕ್ಷೆ ಒಂದಂತೆ, ಮಾಡಿ ತೋರಿಸುವ ಪರೀಕ್ಷೆ ಒಂದಂತೆ. ಎರಡರಲ್ಲೂ ಪಾಸಾದರೆ ಸರ್ಟಿಫಿಕೇಟು. ಅದನ್ನೂ ಆಗಾಗ ಹೊಸದು ಮಾಡಿಸುತ್ತಿರಬೇಕಂತೆ. ಮಾಡಿ ತೋರಿಸುವುದಕ್ಕೆ ಮನೆಯಲ್ಲಿ ಸಿಕ್ಕಿದ್ದು ನನ್ನ ಕೈ.

"ಅಮ್ಮಾ, ನಿನ್ನ ಕೈ ಮುರದೈತಿ ಅಂತ ತಿಳಕೊ," ಅಂದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುವುದು.

"ನನ್ನ ಕೈ ಗಟ್ಟಿ ಐತಿ. ನೀ ಕಟ್ಟಿ ಮುರೀಬ್ಯಾಡ," ಅಂದೆ.

ಮೊಣಕೈಗೆ ಪಟ್ಟಿ ಕೊಟ್ಟು, ಬಟ್ಟೆ ಸುತ್ತಿ, ಕುತ್ತಿಗೆಗೆ ಜೋತು ಬಿಟ್ಟು ಗಂಟು ಹಾಕಿದಳು. ಚೆನ್ನಾಗಿಯೇ ಕಟ್ಟಿದಳು. ಕಟ್ಟುವಾಗ ಸುಮ್ಮನೆ ಕೇಳಿದೆ, ಹಾವು ಕಚ್ಚಿದರೆ ಎಲ್ಲಿ ಕಟ್ಟುತ್ತೀ ಅಂತ.

"ಕಟ್ಟಂಗೇ ಇಲ್ಲಮ್ಮ. ಬಿಗಿದು ಕಟ್ಟಿದ್ರ ಪರೀಕ್ಷಾದಾಗ ಫೇಲ್ ಮಾಡ್ತಾರ. ಕೈ ಅಲುಗಾಡಲಾರದಂಗ ಇಟ್ಟು, ಜಲ್ದಿ ದವಾಖಾನಿಗೆ ಒಯ್ಯೋದು ಅಷ್ಟೇ."

ಅಷ್ಟರಲ್ಲಿ ಫೋನ್ ಬಂತು, ಹೊರಗೆ ಹೋದಳು. ನಾನು ಕಟ್ಟಿದ ಕೈ ಎದೆಗಿಟ್ಟುಕೊಂಡು ಕೂತೆ. ಅಂದರೆ ಆಗ ಕಟ್ಟಿದ್ದಕ್ಕೆ ಪಾಸು ಮಾಡಿದರು, ಈಗ ಕಟ್ಟಿದ್ದಕ್ಕೆ ಫೇಲು ಮಾಡುತ್ತಾರೆ. ಟಿಂಚರಿನ ವಾಸನೆ ಮಾತ್ರ ಅದೇ...

ಆಗ ನಾವು ಮಸ್ಕಿಯಲ್ಲಿ ಒಂದೇ ಸಾಲಿನ ಬಾಡಿಗೆ ಮನೆಗಳಲ್ಲಿ ಇದ್ದೆವು. ನಡುವೆ ಒಂದು ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು. ನಾನು ಬಳೆ ಮಾರುತ್ತಿದ್ದೆ. ಬೆಳಿಗ್ಗೆ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರೆ ಒಂದು ದಿನ ಬಳಗಾನೂರು, ಒಂದು ದಿನ ಸಿಂಧನೂರು, ಒಂದು ದಿನ ಬಂಗಾಲಿಯವರ ಕ್ಯಾಂಪು. ಕ್ಯಾಂಪಿನ ಹೆಂಗಸರಿಗೆ ಬಿಳಿ ಬಳೆ, ಕೆಂಪು ಬಳೆ ಜೋಡಿಯಾಗಿ ಬೇಕು. ನಮ್ಮವರಿಗೆ ಹಸಿರು. ನಾನು ನಾಲ್ಕನೇ ಇಯತ್ತೆ ಓದಿದವಳು, ಆದರೆ ಕೈ ನೋಡಿದರೆ ಅಳತೆ ಹೇಳುತ್ತಿದ್ದೆ.

ಕಂಡಕ್ಟರ್ ಒಬ್ಬ ಸಾಹುಕಾರರ ಖಾಸಗಿ ಬಸ್ಸಿನಲ್ಲಿ ಇದ್ದ. ಲಿಂಗಸುಗೂರಿನಿಂದ ಹೊರಟ ಬಸ್ಸು ಮಸ್ಕಿ, ಸಿಂಧನೂರು ಹಾದು ಗಂಗಾವತಿಗೆ ಹೋಗಿ ಸಂಜೆ ತಿರುಗಿ ಬರುತ್ತಿತ್ತು. ನನಗಿಂತ ಸಣ್ಣವನು, ಅಕ್ಕ ಅನ್ನುತ್ತಿದ್ದ. ಕಂಡಕ್ಟರ್ ಲೈಸೆನ್ಸ್ ಬೇಕೆಂದರೆ ಮೊದಲು ಪ್ರಥಮ ಚಿಕಿತ್ಸೆ ಕಲಿತ ಕಾರ್ಡು ತರಬೇಕು ಅನ್ನುವುದು ಸರ್ಕಾರದ ಕಾನೂನು. ಎಲ್ಲ ಕಂಡಕ್ಟರರ ಹತ್ತಿರವೂ ಆ ಕಾರ್ಡು ಇರುತ್ತಿತ್ತು. ಜಿಲ್ಲೆಯ ಊರಿಗೆ ಹೋಗಿ ಒಂದೆರಡು ದಿನ ಕ್ಲಾಸಿನಲ್ಲಿ ಕೂತು, ಸಹಿ ಮಾಡಿ, ತಂದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮುಗಿಯಿತು. ಬಸ್ಸಿನಲ್ಲಿ ಡ್ರೈವರ್ ತಲೆ ಮೇಲೆ ಔಷಧಿ ಡಬ್ಬಿ ಅಂತ ಒಂದು ಇರುತ್ತದಲ್ಲ, ತೆಗೆದರೆ ಅದರಲ್ಲಿ ಬೀಡಿ, ಬೆಂಕಿಪೊಟ್ಟಣ.

ಇವನದು ಹಾಗಲ್ಲ. ಇವನು ಆ ಕ್ಲಾಸಿನಲ್ಲಿ ನಿಜವಾಗಿ ಕಲಿತುಬಂದಿದ್ದ. ಡಬ್ಬಿಗೆ ತಾನೇ ಹತ್ತಿ, ಟಿಂಚರು, ಮೂರು ಮೂಲೆಯ ಬಟ್ಟೆ ತಂದು ತುಂಬಿದ್ದ. ಆಂಬ್ಯುಲೆನ್ಸ್ ಅಂದರೆ ನಮಗೆ ಆಗ ಎಲ್ಲೋ ದೊಡ್ಡ ದವಾಖಾನೆಯ ಅಂಗಳದಲ್ಲಿ ನಿಂತಿರುವ ಬಿಳಿ ಗಾಡಿ. ಕುಡುಗೋಲು ಕೊಯ್ದವರು, ಎತ್ತು ಇರಿದವರು, ಹೆರಿಗೆ ಕಷ್ಟವಾದವರು ಎಲ್ಲರೂ ರಸ್ತೆಗೆ ಬಂದು ಅವನ ಬಸ್ಸಿಗೇ ಕೈ ಮಾಡುತ್ತಿದ್ದರು. ಹಿಂದೆ ಸರ್ಕಾರಿ ಬಸ್ಸು ಬಂದರೂ ಹತ್ತುತ್ತಿರಲಿಲ್ಲ, ಕಾರ್ಡಿನ ಕಂಡಕ್ಟರ್ ಬರಲಿ ಅನ್ನುತ್ತಿದ್ದರು.

ಅವನಿಗೊಂದು ಚಟ ಇತ್ತು. ರೋಗಿಯನ್ನು ಮುಟ್ಟುವ ಮೊದಲು ಅಂಗಿಯ ಜೇಬಿನಿಂದ ಕಾರ್ಡು ತೆಗೆದು, ಸುತ್ತ ನಿಂತವರಿಗೆಲ್ಲ ತೋರಿಸುತ್ತಿದ್ದ. "ಗಾಬರಿ ಆಗಬ್ಯಾಡ್ರಿ. ಕಾರ್ಡ್ ಐತಿ," ಅಂತ. ಗದ್ದಲ ಮಾಡುವವರು ಸುಮ್ಮನಾಗಲಿ ಅಂತ ಹಾಗೆ ಮಾಡುತ್ತಿದ್ದ. ಆದರೆ ನೋಡುವವರಿಗೆ ಅದು ಬೇರೆಯೇ ಆಗಿ ಕಾಣುತ್ತಿತ್ತು. ಹಳ್ಳಿಯಲ್ಲಿ ಚೇಳು ಕಚ್ಚಿದರೆ ಕಟ್ಟು ಹಾಕುವವನು ಮೊದಲು ಹಣೆಗೆ ವಿಭೂತಿ ಹಚ್ಚಿ ಬಾಯಲ್ಲೇ ಏನೋ ಅನ್ನುತ್ತಾನಲ್ಲ, ಇವನು ಕಾರ್ಡು ತೋರಿಸುವುದೂ ಹಾಗೇ ಅಂತ ಜನ ತಿಳಿದರು. ನಾನು ಒಮ್ಮೆ ಅಂದಿದ್ದೆ, "ಏನಲೇ, ದೇವರ ಫೋಟೋ ತೋರಿಸಿದಂಗ ತೋರಸ್ತೀಯಲ್ಲ." ನಕ್ಕುಬಿಟ್ಟ.

ಭತ್ತದ ಕಳೆ ಕೀಳುವ ದಿನಗಳು. ಆವತ್ತು ನಾನು ಕೂತಿದ್ದ ಅವನ ಬಸ್ಸು ಬಳಗಾನೂರಿನ ಹತ್ತಿರ ಬಂದಾಗ ರಸ್ತೆ ಮೇಲೆ ಗುಂಪು ನಿಂತಿತ್ತು. ಗದ್ದೆಯಲ್ಲಿ ಒಬ್ಬಳು ಹುಡುಗಿಗೆ ಬಲಗೈಗೆ ಹಾವು ಕಚ್ಚಿತ್ತು. ಮದುವೆಯ ವಯಸ್ಸಿಗೆ ಬಂದ ಹುಡುಗಿ. ಅವಳ ಕೈಯಲ್ಲಿದ್ದ ಬಳೆ ನಾನೇ ಇಟ್ಟದ್ದು. ಅಪ್ಪ, ಅವ್ವ ಎತ್ತಿ ಬಸ್ಸಿಗೆ ಹತ್ತಿಸಿದರು. ಕೈ ಆಗಲೇ ಸ್ವಲ್ಪ ಬಾತಿತ್ತು. ಬಾತ ಕೈಯಲ್ಲಿ ಬಳೆ ಇರಬಾರದು, ಒಳಗೆ ಹೂತುಹೋಗುತ್ತದೆ. ನಾನು ಎದ್ದು ಹೋಗಿ ಒಡೆಯತೊಡಗಿದೆ.

"ಏ ಬಳಿಗಾರಕ್ಕಾ, ಹೆಣ್ಣುಮಗಳ ಕೈ ಬಳಿ ಒಡೀತೀಯಲ್ಲ, ಬುದ್ಧಿ ಐತೇನು?" ಅಂತ ಅವ್ವ ಕೂಗಿದಳು.

"ಮತ್ತ ಇಡತೀನಿ ಸುಮ್ನಿರ ಬೇ," ಅಂದೆ.

ಕಂಡಕ್ಟರ್ ಕಾರ್ಡು ತೋರಿಸಿದ. ಡಬ್ಬಿ ಇಳಿಸಿದ. ಗಾಯ ತೊಳೆದು, ಮೊಣಕೈ ಮೇಲೆ ಬಟ್ಟೆ ಸುತ್ತಿ, ನಡುವೆ ಒಂದು ಕೋಲಿನ ತುಂಡು ಕೊಟ್ಟು ತಿರುವಿ ಬಿಗಿ ಮಾಡಿದ. ಆಗ ಹಾವಿಗೆ ಹಾಗೆಯೇ ಕಟ್ಟಬೇಕು ಅಂತ ಕಲಿಸುತ್ತಿದ್ದರು. ಸಿಂಧನೂರು ಬರುವವರೆಗೆ ಹುಡುಗಿಯ ಪಕ್ಕದಲ್ಲೇ ನಿಂತು ಬಂದ. ದಾರಿಯಲ್ಲಿ ಒಮ್ಮೆ ಸಡಿಲ ಮಾಡಿದ, ಮತ್ತೆ ಬಿಗಿದ. ಆಗಾಗ ಸಡಿಲ ಮಾಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಯಾರಾದರೂ ಅಂದರೆ ಸುಳ್ಳು. ನಾನು ಎದುರಿಗೇ ಇದ್ದೆ.

ಸಿಂಧನೂರಿನಲ್ಲಿ ಬಸ್ ನಿಂತ ಕಡೆಯಲ್ಲೇ ಒಂದು ಸಣ್ಣ ದವಾಖಾನೆ. ಇವನೇ ಹುಡುಗಿಯನ್ನು ಒಳಗೆ ಕೂರಿಸಿದ. ಡಾಕ್ಟರು ಯಾವುದೋ ಹಳ್ಳಿಗೆ ಆಪರೇಷನ್ ಕ್ಯಾಂಪಿಗೆ ಹೋಗಿದ್ದರು, ಇನ್ನೇನು ಬರುತ್ತಾರೆ ಅಂದರು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಹಿಂದಿನ ಸರ್ಕಾರಿ ಬಸ್ಸು ಮುಂದೆ ಹೋದರೆ ಗಂಗಾವತಿವರೆಗೆ ಸೀಟು ಖಾಲಿ, ಸಾಹುಕಾರರು ಬೈಯುತ್ತಾರೆ. ಮತ್ತೆ ಹಾರ್ನ್. ಇವನು ಓಡಿದ. ಏನೂ ಹೇಳದೆ ಓಡಿದ. ದವಾಖಾನೆ ಅಂದ ಮೇಲೆ ಅಲ್ಲಿಯವರು ಬಿಚ್ಚುತ್ತಾರೆ ಅಂದುಕೊಂಡಿರಬೇಕು. ಯಾರಾದರೂ ಅಂದುಕೊಳ್ಳುತ್ತಿದ್ದರು.

ನಾನು ಊರೊಳಗೆ ಬಳೆ ಇಡಲು ಹೋದೆ. ಮಧ್ಯಾಹ್ನ ತಿರುಗಿ ಬಂದು ನೋಡಿದರೆ ಹುಡುಗಿ ಅದೇ ಬೆಂಚಿನ ಮೇಲೆ, ಗಂಟು ಹಾಗೇ ಇದೆ. ಬೆರಳು ಬದನೆಕಾಯಿ ಬಣ್ಣಕ್ಕೆ ಬಂದಿದ್ದವು. ಡಾಕ್ಟರು ಇನ್ನೂ ಬಂದಿರಲಿಲ್ಲ.

"ಕೈ ನಂದಲ್ಲ ಅನಸಾಕತ್ತೈತಿ ಅಕ್ಕಾ," ಅಂದಳು ಹುಡುಗಿ.

"ಬಿಚ್ಚಿಲ್ಲ ಯಾಕ?" ಅಂತ ನಾನು ಗಂಟಿಗೆ ಕೈ ಹಾಕಿದೆ. ಅಪ್ಪ ನನ್ನ ಕೈ ತಳ್ಳಿದ. "ಮುಟ್ಟಬ್ಯಾಡ ಬೇ. ಕಟ್ಟಿದವರೇ ಬಂದು ಬಿಚ್ಚಬೇಕು. ಬ್ಯಾರೇದವ್ರು ಮುಟ್ಟಿದ್ರ ಇಸಾ ನೆತ್ತಿಗೇರತೈತಿ."

ಅಲ್ಲಿದ್ದ ಕಂಪೌಂಡರ್ ತಲೆ ಚಚ್ಚಿಕೊಂಡ. "ಮುಂಜಾನಿಂದ ಇದೇ ಹೇಳಾಕತ್ತಾನ ನೋಡವ್ವಾ. ಲೇ ಮಾರಾಯಾ, ಕಟ್ಟಿದಾಂವ ಮಂತ್ರಗಾರ ಅಲ್ಲೋ, ಬಸ್ ಕಂಡಕ್ಟರ್!"

"ಕಂಡಕ್ಟರ್ ಇರಲಿ. ಅವರ ಕಡೆ ಸರ್ಕಾರದ ಕಾರ್ಡ್ ಐತಿ, ನಾವು ಕಣ್ಣಾರೆ ನೋಡೀವಿ. ನಿನ್ನ ಕಡೆ ಐತೇನು? ತೋರ್ಸು."

 ಕಂಪೌಂಡರ್ ಯಾವ ಪರೀಕ್ಷೆಯನ್ನೂ ಕೊಟ್ಟವನಲ್ಲ. ಡಾಕ್ಟರರ ಮನೆಗೆ ನೀರು ಹಾಕುತ್ತ, ಹಾಗೇ ಸೂಜಿ ಚುಚ್ಚುವುದು ಕಲಿತವನು. ಊರಿಗೆಲ್ಲ ಅದು ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕಾರ್ಡು ಇಲ್ಲ ಅನ್ನುವ ಒಂದು ಮಾತಿಗೆ ಒಳಗೆ ಹೋಗಿ ಬಾಟಲಿ ತೊಳೆಯುತ್ತ ನಿಂತ. ನಾನು ಜೋರು ಮಾಡಿದೆ, ಬೈದೆ. ಅವ್ವ ನನ್ನ ಕಾಲಿಗೆ ಬೀಳಲು ಬಂದಳು, "ಬಳಿ ಒಡದಿ, ಸುಮ್ನಿದ್ವಿ. ಇದೊಂದು ಬಿಡು" ಅಂತ.

ಹುಡುಗಿಯ ಎಡಗೈ ಖುಲ್ಲಾ ಇತ್ತು. ಎಲ್ಲರಿಗಿಂತ ಹತ್ತಿರ ಅದೇ ಇತ್ತು. ಅವಳೂ ಬಿಚ್ಚಲಿಲ್ಲ.

ಇಳಿಹೊತ್ತಿಗೆ ಬಸ್ಸು ಗಂಗಾವತಿಯಿಂದ ತಿರುಗಿ ಬಂತು. ಕಂಡಕ್ಟರ್ ಇಳಿದು ಸೀದಾ ದವಾಖಾನೆಗೆ ಬಂದ. ಹುಡುಗಿ ಹೇಗಿದ್ದಾಳೆ ಅಂತ ನೋಡಿ ಹೋಗಲು ಬಂದವನು ಬಾಗಿಲಲ್ಲೇ ನಿಂತ.

"ಇನ್ನೂ ಬಿಚ್ಚಿಲ್ಲೇನ್ರೀ?"

ಅಪ್ಪ ಎದ್ದು ಕೈ ಮುಗಿದ. "ನಿಮ್ಮ ದಾರೀನ ನೋಡಾಕತ್ತಿದ್ವಿ ಸಾಹೇಬ್ರ. ಯಾರಿಗೂ ಮುಟ್ಟಾಕ ಬಿಟ್ಟಿಲ್ಲ."

ಕಂಡಕ್ಟರ್ ಬಿಚ್ಚಿದ. ಕೋಲಿನ ತುಂಡು ಕೆಳಗೆ ಬಿತ್ತು. ಕೈಗೆ ರಕ್ತ ಬರಲಿಲ್ಲ, ಬಣ್ಣ ತಿರುಗಲಿಲ್ಲ. ಅವನು ಆ ಬೆರಳುಗಳನ್ನು ತಿಕ್ಕುತ್ತಲೇ ಇದ್ದ... ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಆ ಹೊತ್ತು ಅವನು ಹೋಗಲಿಲ್ಲ. ಆವತ್ತು ಟಿಕೆಟ್ ಹರಿಯುವವರಿಲ್ಲದೆ ಬಸ್ಸು ಮಸ್ಕಿಗೆ ಹೋಯಿತು.

ರಾಯಚೂರಿಗೆ ಒಯ್ದರು, ಗಂಟು ಇದ್ದಲ್ಲಿಯವರೆಗೆ ಕೈ ತೆಗೆದರು. ಗದ್ದೆಯವರು ಹೊಡೆದಿಟ್ಟಿದ್ದ ಹಾವನ್ನು ಆಮೇಲೆ ತಿಳಿದವರು ನೋಡಿದರು. ನೀರುಹಾವು. ಅದಕ್ಕೆ ವಿಷವೇ ಇಲ್ಲ.

ಹುಡುಗಿಯ ಅಪ್ಪ ಯಾರ ಮೇಲೂ ದೂರು ಹೇಳಲಿಲ್ಲ. ಹೇಳಿದ್ದು ನೌಕರಿಯಲ್ಲಿದ್ದ ಅವಳ ಸೋದರಮಾವ. ಕಂಡಕ್ಟರನ್ನು ಲೈಸೆನ್ಸ್ ಕಚೇರಿಗೆ ಕರೆದರು, ನೋಡಿದವರು ಯಾರಿದ್ದಾರೋ ಕರೆದುಕೊಂಡು ಬಾ ಅಂದರು. ನೋಡಿದವಳು ನಾನು. ಹಿಂದಿನ ದಿನ ಅವನ ಹೆಂಡತಿ ನಮ್ಮ ಒಲೆಯ ಮುಂದೆ ಬಂದು ಕೂತಳು.

"ಅಕ್ಕಾ, ಒಂದು ಮಾತು. ನಮ್ಮನಿಯವರು ಹೋಗೋವಾಗ 'ಗಂಟು ಬಿಚ್ಚಸ್ರಿ' ಅಂತ ಹೇಳೇ ಹೋಗ್ಯಾರ ಅಂದುಬಿಡು. ಲೈಸೆನ್ಸ್ ಹೋದ್ರ ನಾವು ಏನು ತಿನ್ನೋದು?"

"ಹೇಳಿಲ್ಲಲ್ಲೇ ಯವ್ವಾ."

"ನಿನ್ನ ಗಂಟೇನು ಹೋಗತೈತಿ ಅಕ್ಕಾ ಹಂಗಂದ್ರ?"

ಗೋಡೆಯ ಆಚೆಯಿಂದ ಅವನ ದನಿ ಬಂತು. "ಎದ್ದು ಬಾ ಈ ಕಡೆ. ಅಕ್ಕನ ಬಾಯಾಗ ಸುಳ್ಳು ತುರುಕಬ್ಯಾಡ. ನಾ ಹೇಳಿಲ್ಲ. ಹಾರ್ನ್ ಹೊಡದ, ನಾ ಓಡಿದೆ."

ಅವಳು ಅಳುತ್ತ ಎದ್ದು ಹೋದಳು. ನಾನು ರೊಟ್ಟಿ ಬಡಿಯುತ್ತ ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ. ಆದರೆ ದಾರಿಯಲ್ಲಿ ಸಡಿಲ ಮಾಡಿದ್ದು ಹೇಳುತ್ತೇನೆ, ಹಾರ್ನ್ ಹೊಡೆದದ್ದು ಹೇಳುತ್ತೇನೆ, ಅಪ್ಪ ನನ್ನ ಕೈ ತಳ್ಳಿದ್ದು ಹೇಳುತ್ತೇನೆ. ಅವನ ಹೊಟ್ಟೆ ಅದರ ಮೇಲೆ ನಿಂತಿದೆ, ಒಂದೂ ಬಿಡುವುದಿಲ್ಲ ಅಂತ.

ಕಚೇರಿಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತೆವು. ಒಳಗೆ ಕರೆದಾಗ ಊಟದ ಹೊತ್ತು ಮೀರಿತ್ತು. ಸಾಹೇಬರು ಕಾರ್ಡು ಕೇಳಿದರು. ಇವನು ಕೊಟ್ಟ. ತಿರುಗಿಸಿ, ಹಿಂದೆ ಬರೆದಿದ್ದ ಅವಧಿಯ ತಾರೀಖು ನೋಡಿದರು.

"ಇದರ ಮುದತ್ ಮುಗದೈತಿ. ಹೊಸದು ಎಲ್ಲಿ?"

"ಕ್ಲಾಸಿಗೆ ಹೋಗಾಕ ರಜಾ ಸಿಗಲಿಲ್ರಿ. ಸಾಹುಕಾರ್ರು ಸುಗ್ಗಿ ಮುಗೀಲಿ ಅಂದ್ರು."

"ಕಾರ್ಡ್ ಇಲ್ದ ಯಾಕ ಕಟ್ಟಿದಿ?"

"ಕಾರ್ಡ್ ಐತ್ರಿ. ಮುದತ್ ಇಲ್ಲ."

"ಮುದತ್ ಇಲ್ಲ ಅಂದ್ರ ಕಾರ್ಡೇ ಇಲ್ಲ," ಅಂದರು.

ನಾನು ಬಾಯಿ ತೆರೆದೆ. "ಸಾಹೇಬ್ರ, ಕಟ್ಟಿದ್ದು ಕಾರ್ಡಲ್ರಿ, ಈತನ ಕೈ. ಕೈಗೆ ಮುದತ್ ಇತ್ತು."

"ನಿಮ್ಮನ್ನ ಕೇಳಿಲ್ಲಮ್ಮ," ಅಂದರು. ಬೈಯಲಿಲ್ಲ, ಅವರಿಗೂ ಸಾಕಾಗಿತ್ತು, ಹೊರಗೆ ಇನ್ನೂ ಅಷ್ಟು ಜನ ಕೂತಿದ್ದರು. ಕೈ ಹೇಗೆ ಹೋಯಿತು ಅಂತ ಕೊನೆತನಕ ಯಾರೂ ಕೇಳಲಿಲ್ಲ. ಗಂಟು ಯಾರು ಬಿಚ್ಚಬೇಕಿತ್ತು ಅಂತಲೂ ಕೇಳಲಿಲ್ಲ. ಹೊಸ ಕಾರ್ಡು ತರುವವರೆಗೆ ಲೈಸೆನ್ಸ್ ಬಂದ್. ಅಷ್ಟೇ. ಕಟ್ಟಿಕೊಂಡು ಹೋಗಿದ್ದ ನನ್ನ ಮಾತುಗಳನ್ನು ಹಾಗೇ ಹೊತ್ತು ತಂದೆ.

ಅವನು ಕೆಲಸವಿಲ್ಲದೆ ಅವರಿವರ ಹೊಲಕ್ಕೆ ಹೋದ, ಕ್ಲಾಸು ನಡೆಸುವವರೆಗೆ ಕಾದ, ಮೀಸೆ ಬಾರದ ಹುಡುಗರ ನಡುವೆ ಕೂತು ಮತ್ತೆ ಅದೇ ಗಂಟು ಕಟ್ಟುವುದನ್ನು ಕಲಿತ. ಕಾರ್ಡು ಬಂತು. ಲೈಸೆನ್ಸ್ ಬಂತು. ಬಸ್ಸೂ ಸಿಕ್ಕಿತು. ಹೆಂಡತಿ ಸಕ್ಕರೆ ಹಂಚಿದಳು. ಎಲ್ಲ ಸರಿಹೋಯಿತು ಅಂತ ನಾವು ಅಂದುಕೊಂಡೆವು.

ಆದ ಮೇಲೆ ಒಂದು ದಿನ ಮಸ್ಕಿಯ ಹತ್ತಿರ ಟ್ರ್ಯಾಕ್ಟರಿನಿಂದ ಬಿದ್ದ ಒಬ್ಬನನ್ನು ಬಸ್ಸಿಗೆ ಹತ್ತಿಸಿದರು. ತಲೆ ಒಡೆದಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. "ಕಂಡಕ್ಟರ್ ಸಾಹೇಬ್ರ, ಬರ್ರಿ ಜಲ್ದಿ, ನಿಮ್ಮ ಕಡೆ ಕಾರ್ಡ್ ಐತೆಲ್ಲ," ಅಂದರು. ಅವನು ಟಿಕೆಟ್ ಹರಿಯುತ್ತಲೇ ಅಂದ:

"ಆ ಕಾರ್ಡ್ ಲೈಸೆನ್ಸಿಗೆ ಐತಿ. ಗಾಯಕ್ಕಲ್ಲ."

ಗಾಯದವನ ಕಡೆ ತಿರುಗಿ ನೋಡಲಿಲ್ಲ. ಯಾರೋ ಟವೆಲ್ ಸುತ್ತಿದರು, ಆ ಮನುಷ್ಯ ಬದುಕಿದ. ನಾನು ಇಳಿಯುವಾಗ, "ಏನೋ ಇದು?" ಅಂದೆ. "ಹೊತ್ತಾತು ಅಕ್ಕಾ, ಇಳಿ," ಅಂದ.

ಮುಂದೆ ಅವನು ಬಸ್ಸಿನಲ್ಲಿ ಇದ್ದಷ್ಟು ವರ್ಷವೂ ಹಾಗೇ. ಕಾರ್ಡಿನ ಮುದತ್ ಮುಗಿಯುವ ಮೊದಲೇ ಹೋಗಿ ಹೊಸದು ತರುತ್ತಿದ್ದ, ಒಮ್ಮೆಯೂ ತಪ್ಪಿಸಲಿಲ್ಲ. ಡಬ್ಬಿಯನ್ನು ಮತ್ತೆ ತುಂಬಲಿಲ್ಲ. ಜನರೂ ಕ್ರಮೇಣ ಯಾವ ಬಸ್ಸು ಬಂದರೆ ಆ ಬಸ್ಸು ಹತ್ತುವುದನ್ನು ಕಲಿತರು. ಕಾರ್ಡಿನ ಮುದತ್ ಮುಗಿದಾಗಲೂ ರೋಗಿಗಳ ಕಡೆ ಓಡುತ್ತಿದ್ದವನು ಮುದತ್ ಇದ್ದಾಗ ಕಿಟಕಿ ಹೊರಗೆ ನೋಡುತ್ತಿದ್ದ. ಕಚೇರಿಯ ಪ್ರಕಾರ ಈಗ ಎಲ್ಲ ಸರಿ ಇತ್ತು.

ಆ ಹುಡುಗಿ ಒಂದು ಸಲ ಅವನ ಬಸ್ಸು ಹತ್ತಿದಳು. ಆಗ ಅವಳಿಗೆ ಮದುವೆಯಾಗಿ ಕಂಕುಳಲ್ಲಿ ಕೂಸಿತ್ತು. ಇವನು ಹಿಂದಿನ ಬಾಗಿಲಿಗೆ ಹೋಗಿ ನಿಂತುಬಿಟ್ಟ, ಮುಂದೆ ಬರಲೇ ಇಲ್ಲ. ಅವಳು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಎದ್ದು ನಿಂತು ಕೂಗಿದಳು:

"ಕಂಡಕ್ಟರಣ್ಣಾ, ಟಿಕೀಟ್ ಕೊಡ್ರೀ. ನನ್ನ ಕೈ ಹೋಗೈತಿ, ರೊಕ್ಕ ಹೋಗಿಲ್ಲ!"

ಬಸ್ಸಿನ ತುಂಬ ನಗು. ಬಂದ. ಅವಳ ಎಡಗೈಗೆ ಟಿಕೆಟ್ ಕೊಟ್ಟ. ಆ ಕೈಗೆ ನಾನು ಮತ್ತೆ ಬಳೆ ಇಟ್ಟಿದ್ದೆ, ಹಸಿರು. ಅವನು ಬಳೆ ನೋಡಿದ, ಮುಖ ನೋಡಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಅದನ್ನು ನಾನು ಅವನಿಗೆ ಹೇಳಿದೆ ಕೂಡ. ಕೇಳಿಸಿಕೊಂಡ ಹಾಗೆ ತಲೆ ಆಡಿಸಿದ.

ಅವನು ತೀರಿಕೊಂಡು ವರ್ಷಗಳಾದವು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಒಬ್ಬರು "ಒಳ್ಳೆ ಕಂಡಕ್ಟರ್, ಯಾರ ತಂಟೆಗೂ ಹೋಗತಿರಲಿಲ್ಲ" ಅಂದರು. ಅವರು ಅವನನ್ನು ಆಮೇಲೆ ನೋಡಿದವರು. ರಕ್ತ ಕಂಡರೆ ಚೀಲ ಬಿಸಾಕಿ ಓಡಿಬರುವವನೊಬ್ಬ ಇದ್ದನಲ್ಲ, ಅವನು ಸತ್ತದ್ದು ಬಹಳ ಮೊದಲು. ಅವನಿಗೆ ಯಾರೂ ಮಣ್ಣು ಕೊಡಲಿಲ್ಲ...

ಮೊಮ್ಮಗಳು ಫೋನ್ ಮುಗಿಸಿ ಒಳಗೆ ಬಂದಳು.

"ಅಯ್ಯ! ಇನ್ನೂ ಹಂಗೇ ಕುಂತೀಯಲ್ಲಮ್ಮ? ಬಿಚ್ಚಿಕೊಂಡಿಲ್ಲ ಯಾಕ?"

ನೋಡಿಕೊಂಡೆ. ಹೌದು, ಹಾಗೇ ಕೂತಿದ್ದೆ. ಹೆಗಲು ಜೋಮು ಹಿಡಿದಿತ್ತು. ಇನ್ನೊಂದು ಕೈ ಖುಲ್ಲಾ ಇತ್ತು. ಇಷ್ಟೆಲ್ಲ ಕಣ್ಣಾರೆ ಕಂಡವಳು, ಆ ಅಪ್ಪನನ್ನು ಮೂರ್ಖ ಅಂತ ಬೈದು ಬಂದವಳು, ಕಟ್ಟಿದವಳು ಬರಲಿ ಅಂತ ಕಾದಿದ್ದೆ. ಅವಳೇ ಬಿಚ್ಚಿದಳು.  

ಮರುದಿನ ಬೆಳಿಗ್ಗೆ ಚಹಾ ಕುಡಿದು, ಅವಳನ್ನು ಕರೆದು ಬಲಗೈ ಚಾಚಿದೆ. ಇನ್ನೊಮ್ಮೆ ಕಟ್ಟು ಅಂದೆ. ಕಟ್ಟಿದಳು. ಬಿಚ್ಚಲು ಬಂದಾಗ ಅವಳ ಕೈ ತಳ್ಳಿದೆ. ಎಡಗೈಯಿಂದ ಎಳೆದೆ, ಬರಲಿಲ್ಲ. ಗಂಟನ್ನು ಕುತ್ತಿಗೆಯಿಂದ ಮುಂದಕ್ಕೆ ಜಾರಿಸಿ, ಬಾಯಿ ಹಾಕಿ, ಉಳಿದ ಹಲ್ಲಿನಲ್ಲಿ ಜಗ್ಗಿ, ನಾನೇ ಬಿಚ್ಚಿದೆ.